ದೂರಕ್ಕೂ ದುಡ್ಡಿಗೂ ಗಂಟು ಹಾಕಬೇಡ

ಪ್ರೀತಿಯ ಪುಟ್ಟಾ,

ನಿನ್ನ ಉದ್ದದ ಮೇಲ್ ಬಂತು, ಓದಿದೆ. ಲ್ಯಾಂಡ್ಸ್ ಎಂಡ್‌ನಿಂದ ಜಾನ್ ಓ ಗ್ರೋಟ್ಸ್‌ವರೆಗೆ, ಅಂದರೆ ಬ್ರಿಟನ್ನಿನ ಕೆಳಗಿನ ತುದಿಯಿಂದ ಮೇಲಿನ ತುದಿಗೆ, ಬೆನ್ನಿಗೆ ಎಂಜಿನ್, ತಲೆಯ ಮೇಲೆ ಬಟ್ಟೆಯ ರೆಕ್ಕೆ ಇರುವ ಪ್ಯಾರಾಮೋಟರ್‌ನಲ್ಲಿ ಹಾರಿ ಏರ್ ಆಂಬುಲೆನ್ಸ್‌ಗೆ ಹಣ ಕೂಡಿಸುತ್ತೇನೆ ಅಂದಿದ್ದೀಯ. ಅಕ್ಕ ಫೋನ್ ಮಾಡಿ "ಬೇಡ ಅಂತ ನೀನೇ ಹೇಳು" ಅಂದಳು. ನಾನು ಬೇಡ ಅನ್ನುವುದಿಲ್ಲ. ನಿನ್ನ ಸ್ನೇಹಿತನನ್ನು ಬಂಡೆಯ ಮೇಲಿಂದ ಎತ್ತಿಕೊಂಡು ಹೋಗಿ ಬದುಕಿಸಿದ್ದು ಅದೇ ಹೆಲಿಕಾಪ್ಟರ್. ಆ ಋಣ ತೀರಿಸಬೇಕು ಅಂತ ನಿನಗೆ ಅನಿಸಿದ್ದು ನನಗೆ ಹೆಮ್ಮೆಯ ವಿಷಯ. ಬ್ರಿಟನ್ನಿನ ಮೊದಲ ಏರ್ ಆಂಬುಲೆನ್ಸ್ 1987ರಲ್ಲಿ ಲ್ಯಾಂಡ್ಸ್ ಎಂಡ್ ಇರುವ ಕಾರ್ನ್‌ವಾಲ್‌ನಲ್ಲೇ ಶುರುವಾಗಿದ್ದು, ಈಗಲೂ ಜನ ಕೊಟ್ಟ ದುಡ್ಡಿನಿಂದ ನಡೆಯುತ್ತದೆ. ಅಲ್ಲಿಂದಲೇ ಹೊರಡುತ್ತೀಯ ಅನ್ನುವುದು ಚೆನ್ನಾಗಿದೆ.

ಆದರೆ ನಿನ್ನ ಮೇಲ್‌ನಲ್ಲಿ ಎರಡು ಮಾತು ನನಗೆ ಸರಿ ಕಾಣಲಿಲ್ಲ. ಒಂದು, ಮೈಲಿಗೆ ಇಷ್ಟು ಪೌಂಡ್ ಅಂತ ಜನರಿಂದ ಮಾತು ತೆಗೆದುಕೊಳ್ಳುತ್ತೇನೆ ಅಂದಿದ್ದು. ಇನ್ನೊಂದು, ಜುಲೈನಲ್ಲಿ ಇಂಥ ಶನಿವಾರ ಸಂಜೆ ಕೊನೆಯ ಊರಲ್ಲಿ ಇಳಿಯುತ್ತೇನೆ, ಲಂಡನ್ನಿನ ಕನ್ನಡದವರೆಲ್ಲ ಬಸ್ ಮಾಡಿಕೊಂಡು ಬರುತ್ತಾರೆ ಅಂದಿದ್ದು. ಈ ಎರಡನ್ನೂ ಇವತ್ತೇ ತೆಗೆದುಹಾಕು. ಉಳಿದ ವಿಷಯದಲ್ಲಿ ನನ್ನ ಮಾತು ಮೀರಿದರೂ ಬೇಜಾರಿಲ್ಲ, ಇದರಲ್ಲಿ ಮಾತ್ರ ಕೇಳು.

ಯಾಕೆ ಅಂತ ಹೇಳುತ್ತೇನೆ. ಆಗ್ರಾದ ಪ್ಯಾರಾಟ್ರೂಪರ್ಸ್ ಟ್ರೇನಿಂಗ್ ಸ್ಕೂಲ್‌ನಲ್ಲಿ ನಾನು ಪ್ಯಾರಾಶೂಟ್ ಮಡಚುವ ಕಡೆ ಇದ್ದವನು ಅಂತ ನಿನಗೆ ಗೊತ್ತು. ಅಲ್ಲಿ ಗಾಳಿ ಜಾಸ್ತಿ ಇದ್ದರೆ ಆ ದಿನದ ಜಿಗಿತ ರದ್ದು. ಹುಡುಗರು ಸಾಲಾಗಿ ನಿಂತು, ಬೆನ್ನಿಗೆ ಎಲ್ಲ ಕಟ್ಟಿಕೊಂಡು, ವಿಮಾನದ ಎಂಜಿನ್ ಶುರುವಾಗಿದ್ದರೂ ರದ್ದು. ಯಾರೂ ಮರುಮಾತಾಡುತ್ತಿರಲಿಲ್ಲ. ಜಿಗಿಯುವವನು ತಾನೇ ತೀರ್ಮಾನ ಮಾಡಬೇಕಾಗಿರಲಿಲ್ಲ, ಅದಕ್ಕೇ ಅದು ಸುಲಭವಾಗಿತ್ತು. ನೀನು ಒಬ್ಬನೇ. ಬೆಳಿಗ್ಗೆ ಐದಕ್ಕೆ ಯಾವುದೋ ಹೊಲದಲ್ಲಿ ನಿಂತು, ಗಾಳಿ ಸ್ವಲ್ಪ ಜಾಸ್ತಿ ಅಂತ ಕಾಣುತ್ತಿದ್ದಾಗ, ಫೋನ್‌ನಲ್ಲಿ ನೂರಾರು ಜನ "ಇವತ್ತು ಎಷ್ಟು ಮೈಲಿ?" ಅಂತ ಕೇಳುತ್ತಿದ್ದರೆ, ಆ ಮೈಲಿ ಒಂದೊಂದಕ್ಕೂ ಏರ್ ಆಂಬುಲೆನ್ಸ್‌ನ ದುಡ್ಡು ಅಂಟಿಕೊಂಡಿದ್ದರೆ, ನೀನು ಹೊರಟುಬಿಡುತ್ತೀಯ. ನಿನ್ನ ಸ್ವಭಾವ ನನಗೆ ಗೊತ್ತು. ನಿನಗೋಸ್ಕರ ಆದರೆ ನಿಲ್ಲುತ್ತಿದ್ದೆ. ಬೇರೆಯವರಿಗೋಸ್ಕರ ಅಂದಾಗ ನಿಲ್ಲುವುದಿಲ್ಲ.

ಆದ್ದರಿಂದ ಮೊದಲೇ ಎಲ್ಲರಿಗೂ ಬರೆದುಬಿಡು: ನಾನು ಅರ್ಧದಲ್ಲೇ ನಿಲ್ಲಿಸಿದರೂ ನೀವು ಕೊಟ್ಟಿದ್ದು ಪೂರ್ತಿ ಏರ್ ಆಂಬುಲೆನ್ಸ್‌ಗೇ ಹೋಗುತ್ತದೆ, ಒಪ್ಪಿಗೆ ಇದ್ದರೆ ಈಗಲೇ ಕೊಡಿ. ಕೊಡುವವರು ಹಾಗೂ ಕೊಡುತ್ತಾರೆ. 2007ರಲ್ಲಿ ಟಿವಿಯ ಸಾಹಸಿ ಬೇರ್ ಗ್ರಿಲ್ಸ್ ಮತ್ತು ಗೀಲೋ ಕಾರ್ಡೋಜೋ ಎವರೆಸ್ಟ್ ಹತ್ತಿರ ಪ್ಯಾರಾಮೋಟರ್‌ನಲ್ಲಿ ಮೇಲೇರಿದರಲ್ಲ, ಅದೂ ಮಕ್ಕಳ ನೆರವಿಗೆ ಹಣ ಕೂಡಿಸುವ ಹಾರಾಟವೇ. ಆ ಎಂಜಿನ್ ಮಾಡಿದವನೇ ಕಾರ್ಡೋಜೋ. ಮೇಲೆ ಎಂಜಿನ್ ಕೈಕೊಟ್ಟಾಗ ಅವನು ಅಲ್ಲಿಂದಲೇ ವಾಪಸ್ ಇಳಿದ. ವರ್ಷಗಟ್ಟಲೆ ಕೂತು ಮಾಡಿದ ಎಂಜಿನ್, ಕಣ್ಣೆದುರಿಗೆ ಶಿಖರ. ಆದರೂ ಇಳಿದ. ನನಗೆ ಆ ಹಾರಾಟದಲ್ಲಿ ತುಂಬಾ ಇಷ್ಟವಾದದ್ದು ಅವನ ಆ ನಿರ್ಧಾರ.

ಹಣದ ಬಗ್ಗೆ ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ಜನರ ದುಡ್ಡು ನಿನ್ನ ಖಾತೆ ಮುಟ್ಟಬಾರದು. ನೇರವಾಗಿ ಸಂಸ್ಥೆಯ ಪುಟಕ್ಕೇ ಹೋಗಲಿ, ಅಲ್ಲಿ ತೆರಿಗೆ ಕಟ್ಟುವವರು ಗಿಫ್ಟ್ ಏಡ್ (ಕೊಟ್ಟ ದುಡ್ಡಿನ ಮೇಲಿನ ತೆರಿಗೆ ಸರ್ಕಾರದಿಂದ ಸಂಸ್ಥೆಗೆ ಸೇರುವ ಏರ್ಪಾಡು) ಒಪ್ಪಿದರೆ ಪ್ರತಿ ಪೌಂಡ್‌ಗೆ ಸಂಸ್ಥೆಗೆ 25 ಪೆನ್ಸ್ ಜಾಸ್ತಿ ಸಿಗುತ್ತದೆ. ಪೆಟ್ರೋಲ್, ವ್ಯಾನ್, ಊಟ, ಇನ್ಶೂರೆನ್ಸ್ ಎಲ್ಲ ನಿನ್ನ ಜೇಬಿನಿಂದ. ನಿನ್ನ ಹತ್ತಿರ ಅಷ್ಟು ಇಲ್ಲ ಅಂದರೆ ಒಂದು ವರ್ಷ ತಡೆದು ಹೊರಡು.

ಈಗ ಹಾರಾಟಕ್ಕೆ ಬರೋಣ. ನೇರ ಗೆರೆ ಎಳೆದರೆ ಸುಮಾರು 970 ಕಿಲೋಮೀಟರ್. ರಸ್ತೆಯಲ್ಲಿ 1400. ನೀನು ಹಾರುವುದು ಇವೆರಡರ ನಡುವೆ ಎಲ್ಲೋ ಆಗುತ್ತದೆ. ನಿನ್ನ ರೆಕ್ಕೆಯ ವೇಗ ಗಂಟೆಗೆ 45 ಕಿಲೋಮೀಟರ್ ಅಂದಿದ್ದೀಯ. ಎದುರುಗಾಳಿ 25 ಇದ್ದರೆ ನೆಲದ ಲೆಕ್ಕಕ್ಕೆ ನಿನಗೆ ಉಳಿಯುವುದು 20, ಅಂದರೆ ಸೈಕಲ್ ತುಳಿಯುವವನು ನಿನ್ನನ್ನು ಹಿಂದೆ ಹಾಕುತ್ತಾನೆ. ಮೂರು ಗಂಟೆಯ ಪೆಟ್ರೋಲ್‌ನಲ್ಲಿ 60 ಕಿಲೋಮೀಟರ್. ಅದೇ ಗಾಳಿ ಬೆನ್ನಿಗೆ ಬಂದರೆ 210. ಬ್ರಿಟನ್ನಿನಲ್ಲಿ ಜಾಸ್ತಿ ಬೀಸುವುದು ನೈಋತ್ಯ ಗಾಳಿ, ಹಾಗಾಗಿ ದಕ್ಷಿಣದಿಂದ ಉತ್ತರಕ್ಕೆ ಹೊರಟಿದ್ದು ಸರಿ. ಆದರೆ ಬೆನ್ನ ಹಿಂದಿನ ಗಾಳಿ ಹೋಗುವಾಗ ಎಷ್ಟು ಹಿತವೋ ಇಳಿಯುವಾಗ ಅಷ್ಟೇ ಕಷ್ಟ. ನೆಲ ಮುಟ್ಟಿದ ಮೇಲೆ ರೆಕ್ಕೆ ಕುಸಿಯದೆ ನಿಂತರೆ ನಿನ್ನನ್ನು ಬೇಲಿಯವರೆಗೆ ಎಳೆದುಕೊಂಡು ಹೋಗುತ್ತದೆ. ನೆಲದಲ್ಲಿ ಇದ್ದದ್ದಕ್ಕಿಂತ ಮೇಲೆ ಗಾಳಿ ಯಾವಾಗಲೂ ಜಾಸ್ತಿ ಅಂತಲೇ ಲೆಕ್ಕ ಹಾಕು.

ಬೆಳಿಗ್ಗೆ ಬೇಗ, ಇಲ್ಲವೇ ಸಂಜೆ ಹೊತ್ತು ಹಾರು. ಮಧ್ಯಾಹ್ನ ಬಿಸಿಲಿಗೆ ನೆಲ ಕಾದು ಗಾಳಿ ಮೇಲೇಳುತ್ತದೆ, ಅದರೊಳಗೆ ರೆಕ್ಕೆಯ ಒಂದು ಮಗ್ಗುಲು ಮಡಚಿಕೊಳ್ಳಬಹುದು. ಜೂನ್‌ನಲ್ಲಿ ಸ್ಕಾಟ್‌ಲೆಂಡ್‌ನ ಉತ್ತರದಲ್ಲಿ ಸುಮಾರು 18 ಗಂಟೆ ಹಗಲು ಇರುತ್ತದೆ. ಅಷ್ಟು ಬೆಳಕು ಇದೆ ಅಂತ ಎರಡು ಹೊತ್ತೂ ಹಾರಿ ದಿನಕ್ಕೆ ನಾಲ್ಕು ಗಂಟೆ ನಿದ್ದೆ ಮಾಡಬೇಡ. ಮೂರನೇ ದಿನಕ್ಕೆ ತಲೆ ಓಡುವುದಿಲ್ಲ, ಕೈ ಮಾತ್ರ ಅಭ್ಯಾಸಬಲದಿಂದ ಕೆಲಸ ಮಾಡುತ್ತಿರುತ್ತದೆ. ಹಾರುವುದು 22 ಗಂಟೆಯ ಕೆಲಸ ಇರಬಹುದು, ನೀನು ರಜೆ ಹಾಕಬೇಕಾದ್ದು ಮೂರು ವಾರ. ಮಳೆಗೆ, ಗಾಳಿಗೆ, ನಿದ್ದೆಗೆ.

ದಾರಿಯಲ್ಲಿ ನನಗೆ ಎಲ್ಲಕ್ಕಿಂತ ಕಾಳಜಿ ಇರುವುದು ನೀರಿನದ್ದು. ನಿನ್ನ ನಕ್ಷೆಯಲ್ಲಿ ಬ್ರಿಸ್ಟಲ್ ಚಾನಲ್ ಅನ್ನುವ ಸಮುದ್ರದ ಚಾಚಿನ ಮೇಲೆ ಒಂದು ನೇರ ಗೆರೆ ಎಳೆದಿದ್ದೀಯ. ಆ ಗೆರೆ ಅಳಿಸು. ಅದಕ್ಕೆ ಸೇರುವ ಸೆವರ್ನ್ ನದಿಯ ಅಳಿವೆಯಲ್ಲಿ ಉಬ್ಬರ ಇಳಿತದ ನಡುವೆ ನೀರು 14 ಮೀಟರ್‌ವರೆಗೆ ಏರಿಳಿಯುತ್ತದೆ, ಜಗತ್ತಿನಲ್ಲೇ ದೊಡ್ಡ ಏರಿಳಿತಗಳಲ್ಲಿ ಅದೂ ಒಂದು. ನೀರಿಲ್ಲದ ಹೊತ್ತಿನಲ್ಲಿ ಇಳಿದರೆ ಕೆಸರು, ಇದ್ದ ಹೊತ್ತಿನಲ್ಲಿ ಸೆಳೆತ. ಬೆನ್ನಿಗೆ 25-30 ಕಿಲೋ ಎಂಜಿನ್ ಕಟ್ಟಿಕೊಂಡವನು ನೀರಿಗೆ ಬಿದ್ದರೆ ಮುಖ ಕೆಳಗಾಗುತ್ತದೆ, ಮೇಲಿಂದ ರೆಕ್ಕೆಯ ದಾರಗಳು ಕೈಕಾಲಿಗೆ ಸುತ್ತಿಕೊಳ್ಳುತ್ತವೆ. ನಮ್ಮ ಕಾರವಾರದ ಟಾಗೋರ್ ಬೀಚ್‌ನಲ್ಲಿ 2020ರ ಅಕ್ಟೋಬರ್‌ನಲ್ಲಿ ಆಗಿದ್ದು ನೆನಪಿದೆ ಅಲ್ವಾ? ಪ್ಯಾರಾಮೋಟರ್ ಸಮುದ್ರಕ್ಕೆ ಬಿತ್ತು. ಜೊತೆಗಿದ್ದ ಚಾಲಕ ಬದುಕಿದ, ನೌಕಾಪಡೆಯ ಅಧಿಕಾರಿ ಉಳಿಯಲಿಲ್ಲ. ನೌಕಾಪಡೆಯವರು, ನೀರು ಬಲ್ಲವರು. ದಡ ಅಲ್ಲೇ ಇತ್ತು. ಅದಕ್ಕೇ ಹೇಳುತ್ತೇನೆ, ಗ್ಲಾಸ್ಟರ್ ಕಡೆಯಿಂದ ನದಿ ಕಿರಿದಾಗಿರುವಲ್ಲಿ ದಾಟು. ಮೇಲೆ ಇನ್ವರ್ನೆಸ್ ದಾಟಿದ ಮೇಲೂ ಮೊರೆ ಫರ್ತ್ ಅನ್ನುವ ಕೊಲ್ಲಿಯ ಮೇಲೆ ಅಡ್ಡ ಹಾಯಬೇಡ, ದಡ ಹಿಡಿದು ಸುತ್ತು. ನೀರಿಗೆ ಬಿದ್ದ ಕೂಡಲೇ ತಾನಾಗಿ ಉಬ್ಬುವ ಫ್ಲೋಟ್ ಎಂಜಿನ್ ಚೌಕಟ್ಟಿಗೆ ಕಟ್ಟಿರಲಿ, ಸರಂಜಾಮಿನ ಬಕಲ್ ಬಿಚ್ಚುವುದನ್ನು ಈಜುಕೊಳದಲ್ಲಿ ಕಣ್ಣು ಮುಚ್ಚಿ ಅಭ್ಯಾಸ ಮಾಡು.

ಇನ್ನು ಆಕಾಶದಲ್ಲಿ ನೀನು ಒಬ್ಬನೇ ಇರುವುದಿಲ್ಲ. ಕಾಲಿನಿಂದ ಓಡಿ ಹಾರುವ ಯಂತ್ರಕ್ಕೆ ಬ್ರಿಟನ್ನಿನಲ್ಲಿ ಲೈಸೆನ್ಸ್ ಬೇಡ ಅಂತ ಬರೆದಿದ್ದೀಯ, ನಿಜ. ಆದರೆ ಆಕಾಶದ ನಿಯಮ ಎಲ್ಲ ನಿನಗೂ ಅನ್ವಯಿಸುತ್ತದೆ. ಬ್ರಿಸ್ಟಲ್ ವಿಮಾನ ನಿಲ್ದಾಣದ ವಲಯ, ಮ್ಯಾಂಚೆಸ್ಟರ್ ಮತ್ತು ಲಿವರ್‌ಪೂಲ್ ನಡುವಿನ ಇಕ್ಕಟ್ಟು, ಗ್ಲಾಸ್ಗೋ ಮತ್ತು ಎಡಿನ್‌ಬರೋ ನಡುವಿನದ್ದು, ಈ ಮೂರು ಕಡೆ ಚಾರ್ಟ್ ಮುಂದಿಟ್ಟುಕೊಂಡು ಎತ್ತರ ಸಮೇತ ಗೆರೆ ಹಾಕು. ಪ್ರತಿ ದಿನ ಹೊರಡುವ ಮೊದಲು ನೋಟಾಮ್, ಅಂದರೆ ಹಾರುವವರಿಗೆ ಕೊಡುವ ಎಚ್ಚರಿಕೆ ಸೂಚನೆ, ಓದು. ಸೇನೆಯ ಜೆಟ್‌ಗಳು ಅಲ್ಲಿ 250 ಅಡಿಯವರೆಗೂ ಕೆಳಗೆ ಬರುತ್ತವೆ, ವೇಲ್ಸ್, ಲೇಕ್ ಡಿಸ್ಟ್ರಿಕ್ಟ್, ಸ್ಕಾಟ್‌ಲೆಂಡ್‌ನ ಕಣಿವೆಗಳಲ್ಲೆಲ್ಲ ಅವುಗಳ ತರಬೇತಿ. ಶಬ್ದ ಕೇಳಿ ತಲೆ ತಿರುಗಿಸುವಷ್ಟರಲ್ಲಿ ಅದು ಹೋಗಿರುತ್ತದೆ. ವಾರದ ದಿನಗಳಲ್ಲಿ ಜಾಸ್ತಿ, ಶನಿವಾರ ಭಾನುವಾರ ಕಡಿಮೆ. ಲೇಕ್ ಡಿಸ್ಟ್ರಿಕ್ಟ್ ದಾಟುವುದನ್ನು ಭಾನುವಾರಕ್ಕೆ ಹೊಂದಿಸಲು ನೋಡು. ಹೊಂದದಿದ್ದರೆ ಸುತ್ತು ಹಾಕು.

ಗುಡ್ಡಗಳಲ್ಲಿ ಗಾಳಿ ಬರುವ ಮಗ್ಗುಲಲ್ಲಿರು. ಹಿಂದಿನ ಮಗ್ಗುಲಲ್ಲಿ ಗಾಳಿ ಸುರುಳಿ ಸುತ್ತಿ ಕೆಳಕ್ಕೆ ಬೀಳುತ್ತದೆ, ಅಲ್ಲಿ ನಿನ್ನ ಎಂಜಿನ್ ಪೂರ್ತಿ ತೆರೆದರೂ ಮೇಲೇಳುವುದಿಲ್ಲ. ಸ್ಕಾಟ್‌ಲೆಂಡ್‌ನ ಡ್ರಮೊಕ್ಟರ್ ಕಣಿವೆಯಲ್ಲಿ ಎ9 ರಸ್ತೆ, ರೈಲು ಹಳಿ, ವಿದ್ಯುತ್ ತಂತಿ ಮೂರೂ ಒಟ್ಟಿಗೆ ನುಗ್ಗುತ್ತವೆ. ರೈಲು ಅಲ್ಲಿ 452 ಮೀಟರ್ ಎತ್ತರದಲ್ಲಿದೆ. ಎರಡೂ ಕಡೆ ಗುಡ್ಡ, ಗಾಳಿ ಕೊಳವೆಯೊಳಗೆ ಹೋದಂತೆ ಜೋರಾಗುತ್ತದೆ. ತಂತಿ ಕಾಣುವುದಿಲ್ಲ, ಕಂಬ ಕಾಣುತ್ತದೆ. ಕಂಬ ನೋಡಿದ ಮೇಲೆ ಅದರ ತುದಿಗಿಂತ ಮೇಲೆ ಇರಬೇಕು, ಅಷ್ಟೇ.

ಸಾಚಾ ಡೆಂಚ್ ನಿನಗೆ ಸ್ಫೂರ್ತಿ ಅಂದೆ. ನನಗೂ ಅವಳ ಬಗ್ಗೆ ಬಹಳ ಗೌರವ. 2016ರಲ್ಲಿ ಹಂಸಗಳ ಜೊತೆ ರಷ್ಯಾದ ಆರ್ಕ್ಟಿಕ್‌ನಿಂದ ಇಂಗ್ಲೆಂಡ್‌ವರೆಗೆ ಸುಮಾರು 7000 ಕಿಲೋಮೀಟರ್ ಹಾರಿದವಳು. ಆದರೆ ನೀನು 2021ರದ್ದನ್ನೂ ಓದಲೇಬೇಕು. ವಿದ್ಯುತ್ ಪ್ಯಾರಾಮೋಟರ್‌ನಲ್ಲಿ ಬ್ರಿಟನ್ ಸುತ್ತುವ ಹಾರಾಟ ಇನ್ನೇನು ಮುಗಿಯುವ ಹಂತದಲ್ಲಿತ್ತು. ಸೆಪ್ಟೆಂಬರ್ 18ರಂದು ಸ್ಕಾಟ್‌ಲೆಂಡ್‌ನ ಹೈಲ್ಯಾಂಡ್ಸ್‌ನಲ್ಲಿ ಅವಳ ಪ್ಯಾರಾಮೋಟರ್ ಮತ್ತು ತಂಡದ ಡ್ಯಾನ್ ಬರ್ಟನ್ ಹಾರಿಸುತ್ತಿದ್ದ ಪ್ಯಾರಾಮೋಟರ್ ಆಕಾಶದಲ್ಲಿ ಡಿಕ್ಕಿಯಾದವು. ಬರ್ಟನ್ ಸತ್ತರು. ಅವಳಿಗೆ ತೀವ್ರ ಗಾಯ. ಇಬ್ಬರೂ ಪಳಗಿದವರು. ವಿಮಾನ ಅಪಘಾತ ತನಿಖಾ ಸಂಸ್ಥೆಯ ವರದಿ ಎಲ್ಲರಿಗೂ ಸಿಗುತ್ತದೆ, ಪೂರ್ತಿ ಓದು, ನಿನ್ನ ಜೊತೆ ವಿಡಿಯೋ ತೆಗೆಯಲು ಹಾರುತ್ತೇನೆ ಅನ್ನುವ ಗೆಳೆಯನಿಗೂ ಓದಿಸು. ಅವನು ನೆಲದಿಂದ ತೆಗೆಯಲಿ ಅಂತ ನನ್ನ ಆಸೆ. ಹಾರಲೇಬೇಕು ಅಂದರೆ ಯಾರು ಯಾವ ಎತ್ತರ, ಯಾವ ಮಗ್ಗುಲು, ಯಾರು ತಿರುಗುವ ಮೊದಲು ರೇಡಿಯೋದಲ್ಲಿ ಏನು ಹೇಳಬೇಕು ಅನ್ನುವುದು ನೆಲದಲ್ಲೇ ತೀರ್ಮಾನವಾಗಿರಲಿ. ಒಳ್ಳೆ ಫೋಟೋ ಬರಲಿ ಅಂತ ಹತ್ತಿರ ಬರುವುದು ಮಾತ್ರ ಯಾವ ಕಾರಣಕ್ಕೂ ಬೇಡ.

ಬಟ್ಟೆಯ ವಿಷಯ ನನ್ನ ಕಸುಬು, ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಸಹಿಸಿಕೋ. ನಿನ್ನ ರೆಕ್ಕೆ ಸೆಕೆಂಡ್ ಹ್ಯಾಂಡ್. ನೈಲಾನ್ ಬಟ್ಟೆ ಬಿಸಿಲಿಗೆ ಸಾಯುತ್ತದೆ, ನೋಡಲು ಹೊಸದರಂತೇ ಇರುತ್ತದೆ. ಗಾಳಿ ಎಷ್ಟು ಸೋರುತ್ತದೆ, ದಾರ ಎಷ್ಟು ಭಾರ ತಡೆಯುತ್ತದೆ ಅಂತ ಯಂತ್ರ ಇಟ್ಟು ಪರೀಕ್ಷೆ ಮಾಡುವವರ ಹತ್ತಿರ ಕೊಡು, ವರದಿ ನನಗೂ ಕಳಿಸು. ದಾರಗಳು ಒಂದೇ ಸಮ ಇರಬೇಕು, ಕೆಲವು ಕುಗ್ಗಿ ಕೆಲವು ಹಿಗ್ಗಿದ್ದರೆ ರೆಕ್ಕೆಯ ಆಕಾರವೇ ಬದಲಾಗಿ ಹೋಗುತ್ತದೆ. ಇಬ್ಬನಿಯಲ್ಲಿ ಒದ್ದೆಯಾದದ್ದನ್ನು ಹಾಗೇ ಚೀಲಕ್ಕೆ ತುರುಕಬೇಡ, ರಾತ್ರಿ ಎಷ್ಟೇ ಸುಸ್ತಾಗಿದ್ದರೂ ಹರಡಿ ಒಣಗಿಸು. ಉಪ್ಪುನೀರು ಮುಟ್ಟಿದರೆ ಸಿಹಿನೀರಿನಲ್ಲಿ ತೊಳೆ. ತುರ್ತು ಪ್ಯಾರಾಶೂಟನ್ನು ಹೊರಡುವ ಮುಂಚೆ ಹೊಸದಾಗಿ ಮಡಚಿಸು, ಅದು ಬಿಚ್ಚಿಕೊಳ್ಳಲು ಎತ್ತರ ಬೇಕು ಅನ್ನುವುದೂ ನೆನಪಿರಲಿ. ಎರಡು ನೂರು ಅಡಿಯಲ್ಲಿ ಕುರಿ ನೋಡಿಕೊಂಡು ಹೋಗುವವನಿಗೆ ಅದು ಇದ್ದೂ ಇಲ್ಲದಂತೆ.

ಎಂಜಿನ್ ನನಗಿಂತ ನಿನಗೆ ಚೆನ್ನಾಗಿ ಗೊತ್ತು. ಒಂದೇ ಮಾತು: 2021ರಿಂದ ಅಲ್ಲಿನ ಮಾಮೂಲಿ ಪೆಟ್ರೋಲ್ ಇ10, ಅದರಲ್ಲಿ ಎಥನಾಲ್ ಇದೆ, ನೀರು ಹೀರುತ್ತದೆ, ಕಾರ್ಬೊರೇಟರ್ ಒಳಗಿನ ರಬ್ಬರನ್ನೂ ಕೆಡಿಸುತ್ತದೆ. ದುಬಾರಿಯಾದರೂ ಎಥನಾಲ್ ಕಡಿಮೆ ಇರುವ ಸೂಪರ್ ಪೆಟ್ರೋಲ್ ಹಾಕಿಸು. ಮತ್ತೆ ಎಂಜಿನ್ ಶುರು ಮಾಡುವಾಗ ಮಕ್ಕಳು ಯಾರೂ ಹತ್ತಿರ ಇರಬಾರದು. ನಿನ್ನನ್ನು ನೋಡಲು ಹಳ್ಳಿಯವರು ಬಂದೇ ಬರುತ್ತಾರೆ.

ಕೊನೆಯದಾಗಿ, ವ್ಯಾನ್ ಓಡಿಸುವವರು ಯಾರು? ಯಾರೇ ಆಗಲಿ, ಅವರಿಗೆ ನಿಲ್ಲಿಸುವ ಹಕ್ಕು ಕೊಡು. ಅವರು "ಇವತ್ತು ಬೇಡ" ಅಂದರೆ ಇವತ್ತು ಬೇಡ, ಕಾರಣ ಕೇಳುವ ಹಾಗಿಲ್ಲ. ಇದನ್ನು ಹೊರಡುವ ಮೊದಲು ಇಬ್ಬರೂ ಬರೆದು ಸಹಿ ಹಾಕಿ. ನಿನ್ನನ್ನು ಹೊಗಳುವ ಗೆಳೆಯ ಈ ಕೆಲಸಕ್ಕೆ ಬೇಡ. ನಿನ್ನ ಹೆಂಡತಿ ಒಪ್ಪಿದರೆ ಅವಳೇ ಸರಿ, ನಿನಗೆ ಇಲ್ಲ ಅನ್ನಲು ಅವಳು ಹೆದರುವುದಿಲ್ಲ.

ಅಕ್ಕನಿಗೆ ನಾನು ಇದನ್ನೆಲ್ಲ ಓದಿ ಹೇಳುತ್ತೇನೆ. ಅವಳಿಗೆ ಪ್ರತಿ ಸಂಜೆ ನೀನೇ ಫೋನ್ ಮಾಡು, ಹಾರದ ದಿನವೂ ಮಾಡು. ಟ್ರ್ಯಾಕರ್ ಲಿಂಕ್ ಮಾತ್ರ ಅವಳಿಗೆ ಕೊಡಬೇಡ, ನನಗೆ ಕೊಡು. ಸಿಗ್ನಲ್ ಹತ್ತು ನಿಮಿಷ ಸಿಗದಿದ್ದರೆ ಅವಳು ಅಡುಗೆಮನೆಯಲ್ಲಿ ನಿಂತಲ್ಲೇ ನಿಲ್ಲುತ್ತಾಳೆ.

ನನ್ನ ಪಾಲಿನ ಹಣ ಈ ವಾರವೇ ನೇರ ಏರ್ ಆಂಬುಲೆನ್ಸ್‌ಗೆ ಕಳಿಸುತ್ತಿದ್ದೇನೆ. ನಾನು ಅಲ್ಲಿ ತೆರಿಗೆ ಕಟ್ಟುವವನಲ್ಲ, ಹಾಗಾಗಿ ಗಿಫ್ಟ್ ಏಡ್ ಸೇರುವುದಿಲ್ಲ, ಅಷ್ಟನ್ನೂ ನಾನೇ ಸೇರಿಸಿ ಹಾಕುತ್ತೇನೆ. ನೀನು ಎಲ್ಲಿ ಇಳಿದರೂ ಆ ಲೆಕ್ಕ ಬದಲಾಗುವುದಿಲ್ಲ. ತಿದ್ದಿದ ನಕ್ಷೆ ಕಳಿಸು.

ನಿನ್ನ ಮಾವ