ಹೆಸರು ಕೇಳಲಾಗದ ಆ ಸಹೋದರಿಗೆ ಕೃತಜ್ಞತೆಗಳು

ಕಳೆದ ಮೇ ತಿಂಗಳ ಒಂದು ಮಧ್ಯಾಹ್ನ ಕಲಬುರಗಿಯ ಬಸ್ ನಿಲ್ದಾಣದಲ್ಲಿ ಬೀದರ್ ಬಸ್ಸಿಗಾಗಿ ಬಹಳ ಹೊತ್ತು ನಿಂತಿದ್ದ ನನ್ನ ತಂದೆಯವರು ತಲೆ ಸುತ್ತಿ ಬಿದ್ದಾಗ, ಓಡಿಬಂದು ಅವರನ್ನು ನೆರಳಿನಲ್ಲಿ ಅಂಗಾತ ಮಲಗಿಸಿ, ನಮ್ಮ ಜೋಳದ ಚೀಲದ ಮೇಲೆ ಅವರ ಕಾಲುಗಳನ್ನು ಎತ್ತರಿಸಿ ಇಟ್ಟವರು ನೀವು. ಎಬ್ಬಿಸಿ ಕೂರಿಸಲು ಹೊರಟಿದ್ದ ನನ್ನನ್ನು ತಡೆದು, ನಾಡಿ ಹಿಡಿದುಕೊಂಡೇ ಕಾರಣವನ್ನೂ ತಿಳಿಸಿದಿರಿ: ದೇಹವನ್ನು ತಂಪಾಗಿಸಲು ಬಿಸಿಲಿನಲ್ಲಿ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ನಿಂತೇ ಇದ್ದರೆ ರಕ್ತವು ಕಾಲುಗಳಲ್ಲಿ ತಂಗುತ್ತದೆ, ಬೆವರಿನೊಂದಿಗೆ ನೀರೂ ಉಪ್ಪೂ ಹೋಗಿರುವುದರಿಂದ ರಕ್ತದೊತ್ತಡ ಇಳಿದು ಮಿದುಳಿಗೆ ಸಾಕಷ್ಟು ರಕ್ತ ತಲುಪುವುದಿಲ್ಲ, ಮಲಗಿಸಿದರೆ ಅದು ಹೃದಯಕ್ಕೆ ಸುಲಭವಾಗಿ ಮರಳುತ್ತದೆ.

ಪೂರ್ಣ ಎಚ್ಚರವಾಗುವ ಮೊದಲೇ ನೀರು ಕುಡಿಸಿದರೆ ಅದು ಶ್ವಾಸನಾಳಕ್ಕೆ ಇಳಿದೀತೆಂದು ನೀವು ಎಚ್ಚರಿಸಿದಾಗ ನಾನು ಬಾಟಲಿಯ ಮುಚ್ಚಳ ತೆಗೆದಾಗಿತ್ತು. ಅದನ್ನು ನೆನೆದರೆ ಇಂದಿಗೂ ಎದೆ ನಡುಗುತ್ತದೆ.

"ಕಾಕಾ, ಈಗ ಆರಾಮ ಅನಸ್ತದೇನ್ರಿ?" ಎಂದು ಕೇಳಿ, ಅವರು ಉತ್ತರಿಸಿದ ಮೇಲೆಯೇ ಸಕ್ಕರೆ, ಉಪ್ಪು ಬೆರೆತ ಓಆರ್‌ಎಸ್ ನೀರನ್ನು ಗುಟುಕು ಗುಟುಕಾಗಿ ಕುಡಿಸಿದಿರಿ. ಸಕ್ಕರೆಯ ಅಂಶವು ಸಣ್ಣ ಕರುಳಿನಲ್ಲಿ ಉಪ್ಪನ್ನೂ ಅದರ ಹಿಂದೆ ನೀರನ್ನೂ ರಕ್ತಕ್ಕೆ ಸೆಳೆದುಕೊಳ್ಳುತ್ತದೆ ಎಂಬುದನ್ನು ನಾನು ತಿಳಿದದ್ದು ನಿಮ್ಮಿಂದಲೇ. ನಿಮ್ಮ ಬಸ್ಸು ಹೊರಟಿತು, ಹೆಸರು ಕೇಳುವುದು ಉಳಿದುಹೋಯಿತು. ತಂದೆಯವರು ಆರೋಗ್ಯದಿಂದಿದ್ದಾರೆ, ನಮ್ಮ ಇಡೀ ಮನೆತನದ ಪರವಾಗಿ ನಿಮಗೆ ಹೃತ್ಪೂರ್ವಕ ಧನ್ಯವಾದಗಳು.