ಹಡಗು ಹುಡುಕುತ್ತಿರುವ ಮಗಳಿಗೆ

ಪ್ರೀತಿಯ ಪುಟ್ಟಿಗೆ,

ಅಪ್ಪಯ್ಯನ ಆಶೀರ್ವಾದ. ಇಲ್ಲಿ ಹಿಡಿದ ಮಳೆ ಬಿಡುತ್ತಿಲ್ಲ. ಹೊಳವಾಗಲಿ ಅಂತ ಕಾದು ಕಾದು, ನಿನ್ನೆ ಎರಡು ತಾಸು ಬಿಸಿಲು ಕಂಡಿದ್ದೇ ತೋಟಕ್ಕೆ ಎರಡನೇ ಸಲದ ಮದ್ದು ಹೊಡೆಸಿ ಮುಗಿಸಿದೆವು. ಇವತ್ತು ಮತ್ತೆ ಶುರು. ಫೋನ್ ಮಾಡೋಣ ಅಂದರೆ ಸಿಗ್ನಲ್ ಇರುವುದು ಜಗುಲಿಯ ಮೂಲೆಯಲ್ಲಿ ಮಾತ್ರ, ಅದೂ ಗಾಳಿಯ ಮರ್ಜಿ. ಹಲೋ ಹಲೋ ಅನ್ನುವುದರಲ್ಲೇ ಅರ್ಧ ಮಾತು ಹೋಗುತ್ತದೆ. ಅದಕ್ಕೇ ಕಾಗದ.

ನೀನು ಕಳಿಸಿದ ಮೂರು ಹಡಗಿನ ಚಿತ್ರ ನೋಡಿದೆ. ಮದುವೆಯಾಗಿ ಐದು ವರ್ಷ ತುಂಬುವುದಕ್ಕೆ ಕ್ರೂಸ್ ಹೋಗುವುದು ಅಂತ ಇಬ್ಬರೂ ಒಪ್ಪಿದ್ದೀರಿ, ಯಾವ ಕಂಪನಿ ಅನ್ನುವುದರಲ್ಲಿ ಮಾತ್ರ ಚರ್ಚೆ. "ನೀವಿಬ್ಬರೂ ಹೋಗಿ ಬಂದವರಲ್ವಾ, ಯಾವುದು ಒಳ್ಳೇದು ಹೇಳಿ" ಅಂತ ಕೇಳಿದ್ದೀಯ. ನಾವು ಹೋಗಿದ್ದು ಒಂದೇ ಸಲ, ನಾಲ್ಕು ರಾತ್ರಿ. ಆದರೆ ಮೂವತ್ತು ವರ್ಷ ಭೂಗೋಳ ಪಾಠ ಮಾಡಿದ ಮೇಷ್ಟ್ರನ್ನು ಕೇಳಿದ ಮೇಲೆ ಉತ್ತರ ಚಿಕ್ಕದಾಗಿ ಬರುವುದಿಲ್ಲ. ತಪ್ಪು ನಿನ್ನದೇ.

ಶರಾವತಿ ಹಿನ್ನೀರು ದಾಟಿಸುತ್ತಿದ್ದ ಹೊಳೆಬಾಗಿಲಿನ ಲಾಂಚ್ ನೆನಪಿದೆಯಲ್ಲ? 2025ರ ಜುಲೈನಲ್ಲಿ ಸೇತುವೆ ಶುರುವಾಯಿತು, ಈಗ ಬಸ್ಸು ಹಿನ್ನೀರಿನ ಮೇಲೆ ಎರಡೂವರೆ ಕಿಲೋಮೀಟರ್ ಸುಯ್ಯೆಂದು ದಾಟಿಬಿಡುತ್ತದೆ. ಆಗ ಹಾಗಲ್ಲ. ಬಸ್ಸು ಕಬ್ಬಿಣದ ಹಲಗೆಯ ಮೇಲೆ ದಡಬಡ ಹತ್ತಿ ನಿಲ್ಲುತ್ತಿತ್ತು. ಸುತ್ತ ಜೀಪು, ಬೈಕು, ಸಿಗಂದೂರಿಗೆ ಹೊರಟ ಜನ. ನಾನು ಮೊದಲು ಇಳಿದು ಕಂಬಿ ಹಿಡಿದು ನಿಲ್ಲುತ್ತಿದ್ದೆ. ನೀರಿನಲ್ಲಿ ಮುಳುಗಿದ ಮರದ ತುದಿ ಎಲ್ಲಿ ಕಾಣುತ್ತದೆ ಅಂತ ನೋಡುವುದು ನನ್ನ ಚಟ. ನಿನ್ನಮ್ಮ ಒಂದು ದಿನವಾದರೂ ಬಸ್ಸಿನಿಂದ ಇಳಿದಳಾ? ಕಿಟಕಿ ಸೀಟಿನಲ್ಲಿ, ಮಡಿಲಲ್ಲಿ ಚೀಲ, ಮುಖಕ್ಕೆ ಸೆರಗು. "ಆ ಕಡೆ ಬಂದಾಗ ಹೇಳಿ" ಅನ್ನುವುದು.

ಈಗ ನಮ್ಮ ದೊಡ್ಡ ಹಡಗಿನ ಕಥೆ. ನಮಗೆ ಟಿಕೆಟ್ ಮಾಡಿಕೊಟ್ಟ ಏಜೆಂಟರು "ಮಲಗೋಕೆ ತಾನೇ ರೂಮು, ಎಲ್ಲಾ ಒಂದೇ ಸಾರ್" ಅಂತ ಕಡಿಮೆ ದರದ್ದು ಹಾಕಿದರು. ಅದಕ್ಕೆ ಗ್ಯಾರಂಟಿ ಕ್ಯಾಬಿನ್ ಅನ್ನುತ್ತಾರಂತೆ. ಒಂದು ರೂಮು ಸಿಗುತ್ತದೆ ಅನ್ನುವುದಷ್ಟೇ ಗ್ಯಾರಂಟಿ, ಎಲ್ಲಿ ಅನ್ನುವುದು ಅವರ ಇಷ್ಟ. ನಮ್ಮದು ಡಾನ್ಸ್ ಹಾಲಿನ ನೇರ ಕೆಳಗೆ ಬಂತು. ಒಂಬತ್ತೂವರೆಗೆ ಮಲಗುವ ಜೀವ ನಾನು. ಹನ್ನೊಂದಕ್ಕೆ ಮೇಲೆ ಧಮ್ ಧಮ್ ಶುರು. ಟೇಬಲ್ ಮೇಲಿಟ್ಟ ನನ್ನ ಕನ್ನಡಕ ಒಂದೊಂದು ಧಮ್‌ಗೂ ಕೂದಲೆಳೆಯಷ್ಟು ಸರಿಯುತ್ತಾ ಸರಿಯುತ್ತಾ ಅಂಚಿಗೆ ಬಂತು. ಅದನ್ನೇ ನೋಡುತ್ತಾ ಮಲಗಿದ್ದೆ. ನಿನ್ನಮ್ಮ ಎದ್ದಳು. "ಹೇಗೂ ನಿದ್ದೆ ಇಲ್ಲ, ನೋಡಿಕೊಂಡಾದರೂ ಬರ್ತೇನೆ" ಅಂತ ಸೀರೆ ಸರಿ ಮಾಡಿಕೊಂಡು ಮೇಲೆ ಹೋದವಳು ಒಂದೂವರೆಗೆ ಬಂದಳು. ಮಾರನೇ ದಿನ ತಂಬೋಲಾ ಆಡುವಲ್ಲಿ ಅವಳಿಗೆ ಸೂರತ್ತಿನ ಇಬ್ಬರು ಗೆಳತಿಯರು. ಮೂರನೇ ದಿನ ನನ್ನನ್ನು ಊಟಕ್ಕೆ ಕರೆಯುವುದೇ ಮರೆತಳು. ಲಾಂಚಿನಲ್ಲಿ ಬಸ್ಸಿನಿಂದ ಇಳಿಯದ ಹೆಂಗಸು! ನಾನು ಬೆಳಗಿನ ಜಾವ ಒಬ್ಬನೇ ಕಂಬಿ ಹಿಡಿದು ನಿಂತಿದ್ದೆ. ಪಕ್ಕದಲ್ಲಿ ಡೆಕ್ ತೊಳೆಯುವ ಹುಡುಗ.

ಏಜೆಂಟರ ಮೇಲೆ ನನಗೆ ಈಗಲೂ ಸಿಟ್ಟಿದೆ. ಹಡಗಿನ ಮೇಲಿಲ್ಲ. ನನಗೆ ಆಗಿಬರದ್ದು ಅವಳಿಗೆ ಹಬ್ಬವಾಯಿತು. ಅದಕ್ಕೇ ಯಾವುದು ಒಳ್ಳೇದು ಅಂತ ಹುಡುಕಬೇಡ. ಬೆಳಿಗ್ಗೆ ಐದಕ್ಕೆ ಪುಸ್ತಕ ಹಿಡಿದು ಕೂರುವವಳು ನೀನು, ರಾತ್ರಿ ಒಂದರವರೆಗೆ ನಾಲ್ಕು ಜನ ಬೇಕು ಅನ್ನುವವರು ಅಳಿಯಂದಿರು. ನೀನು ಸಸ್ಯಾಹಾರಿ, ಅವರಿಗೆ ಕುಂದಾಪುರದ ಮೀನಿಲ್ಲದೆ ಊಟ ಇಳಿಯುವುದಿಲ್ಲ. ಹಗಲೆಲ್ಲ ಇಬ್ಬರೂ ಅವರವರ ಪಾಡಿಗೆ ಇದ್ದು, ಸಂಜೆ ಹೇಳಿಕೊಳ್ಳಲು ಏನಾದರೂ ಇಟ್ಟುಕೊಂಡು ಊಟಕ್ಕೆ ಸೇರಬೇಕು. ಅದಕ್ಕೆ ಅನುಕೂಲವಾಗುವ ಹಡಗು ಯಾವುದು ಅಂತ ನೋಡು.

ಅಳಿಯಂದಿರು ಆರಿಸಿದ ಐಕಾನ್ ಆಫ್ ದ ಸೀಸ್‌ನಿಂದ ಶುರು ಮಾಡುತ್ತೇನೆ. ರಾಯಲ್ ಕೆರಿಬಿಯನ್‌ನದು, 2024ರ ಜನವರಿಯಲ್ಲಿ ಮಯಾಮಿಯಿಂದ ಮೊದಲ ಪ್ರಯಾಣ ಹೊರಟಿತು. 20 ಅಂತಸ್ತು, ಪೂರ್ತಿ ತುಂಬಿದರೆ 7,600 ಪ್ರಯಾಣಿಕರು, ಏಳು ಈಜುಕೊಳ, ಆರು ಜಾರುಬಂಡಿ. ಸಾಗರದ ಮಾರಿಕಾಂಬಾ ಜಾತ್ರೆಯನ್ನೇ ನೀರಿಗೆ ಬಿಟ್ಟ ಹಾಗೆ. ಜಾತ್ರೆ ಕೆಟ್ಟದ್ದು ಅಂತಲ್ಲ, ಆದರೆ ಅದು ಮೂರು ವರ್ಷಕ್ಕೊಮ್ಮೆ ಬರುವುದರಿಂದಲೇ ಚೆಂದ. ಚಿಕ್ಕವಳಿದ್ದಾಗ ತೊಟ್ಟಿಲು ಗಿರಗಿಟ್ಲೆ ಹತ್ತಿರ ಬಂದ ಕೂಡಲೇ ನನ್ನ ಅಂಗಿ ಜಗ್ಗಿ "ಮನೆಗೆ ಹೋಗೋಣ" ಅನ್ನುತ್ತಿದ್ದವಳು ನೀನು. ಏಳು ದಿನ ಏನು ಮಾಡುತ್ತೀಯ? ಮಕ್ಕಳಾದ ಮೇಲೆ ಹೋಗಿ, ಆಗ ಆ ದುಡ್ಡಿಗೆ ಅರ್ಥ ಇರುತ್ತದೆ.

ನೀನು ಆರಿಸಿದ್ದು ವೈಕಿಂಗ್. ಅಪ್ಪನ ಮಗಳು ಅಂತ ಖುಷಿಯಾಯಿತು, ನಿಜ ಹೇಳುತ್ತೇನೆ. ಅವರ ಸಮುದ್ರದ ಹಡಗುಗಳಲ್ಲಿ ಸಾವಿರದೊಳಗೇ ಜನ. 18 ವರ್ಷದ ಕೆಳಗಿನವರಿಗೆ ಪ್ರವೇಶ ಇಲ್ಲ, ಕ್ಯಾಸಿನೋ ಇಲ್ಲ. ಪ್ರತಿ ಬಂದರಿನಲ್ಲೂ ಊರು ತೋರಿಸುವ ಒಂದು ಸುತ್ತಾಟ ಟಿಕೆಟ್ಟಿನಲ್ಲೇ ಸೇರಿದೆ. ಊಟದ ಜೊತೆಗಿನ ಬಿಯರು, ವೈನೂ ಅಷ್ಟೇ. ಸಂಜೆ ಇತಿಹಾಸದ ಮೇಲೆ ಉಪನ್ಯಾಸ. ನನ್ನನ್ನು ಅಲ್ಲಿ ಬಿಟ್ಟರೆ ವಾಪಸ್ ಬರುವುದಿಲ್ಲ. ಆದರೆ ಜೊತೆಗಿರುವವರಲ್ಲಿ ಹೆಚ್ಚಿನವರು ನನ್ನ ವಯಸ್ಸಿನವರೇ. ರಾತ್ರಿ ಹತ್ತಕ್ಕೆ ಹಡಗೆಲ್ಲ ತಣ್ಣಗೆ. ಅಳಿಯಂದಿರು ಎರಡು ದಿನ ಸುಮ್ಮನಿರುತ್ತಾರೆ, ಮೂರನೇ ದಿನ ನಿನ್ನ ಮುಖ ನೋಡಿ ಆಕಳಿಸುತ್ತಾರೆ. ಐದು ವರ್ಷದ ನೆನಪಿಗೆ ಹೋಗಿ ಆಕಳಿಕೆ ನೋಡಿಕೊಂಡು ಬರುವುದೇ?

ಮೂರನೆಯದು ಸೆಲೆಬ್ರಿಟಿ. ಇಬ್ಬರೂ ಸೋತು ಸೇರಿಸಿದ ಹಾಗೆ ಕಾಣುತ್ತದೆ, ನನ್ನ ಮತ ಅದಕ್ಕೇ. ಅದೂ ರಾಯಲ್ ಕೆರಿಬಿಯನ್ ಗುಂಪಿನದ್ದೇ, ಆದರೆ ಜಾತ್ರೆಯಲ್ಲ. ಅವರ ಎಡ್ಜ್ ಹಡಗಿನಲ್ಲಿ ಮೂರು ಸಾವಿರದ ಹತ್ತಿರ ಜನ. ಮಕ್ಕಳಿಗೂ ಪ್ರವೇಶ ಇದೆ, ಆದರೂ ಜಾಸ್ತಿ ಬರುವುದು ಗಂಡ ಹೆಂಡತಿ ಜೋಡಿಗಳೇ. ರಾತ್ರಿ ಹಾಡು, ಬ್ಯಾಂಡು ಇರುತ್ತದೆ, ಬೆಳಿಗ್ಗೆ ಕಾಫಿ ಹಿಡಿದು ಕೂರಲು ಮೂಲೆಯೂ ಸಿಗುತ್ತದೆ. ಊಟದ ಬಗ್ಗೆ ಅವರಿಗೆ ಮುತುವರ್ಜಿ ಜಾಸ್ತಿ.

ನಿಮ್ಮ ಪಟ್ಟಿಯಲ್ಲಿ ಇಲ್ಲದ ಇನ್ನೊಂದೆರಡು ಹೇಳಿಬಿಡುತ್ತೇನೆ. ವರ್ಜಿನ್ ವಾಯೇಜಸ್‌ಗೂ 18 ದಾಟಿದವರಿಗೆ ಮಾತ್ರ ಪ್ರವೇಶ, ಆದರೆ ಅಲ್ಲಿ ರಾತ್ರಿಯೇ ಹಗಲು. 1840ರಿಂದ ನಡೆಯುತ್ತಿರುವ ಕ್ಯುನಾರ್ಡ್‌ನ ಕ್ವೀನ್ ಮೇರಿ 2ರಲ್ಲಿ ದೊಡ್ಡ ಲೈಬ್ರರಿ ಇದೆ, ನಿನಗೆ ಸ್ವರ್ಗ. ಆದರೆ ಕೆಲವು ಸಂಜೆ ಗಂಡಸರು ಸೂಟು ಬೂಟಿನಲ್ಲೇ ಬರಬೇಕು. ಧಾರೆಯ ದಿನ ಅಳಿಯಂದಿರಿಗೆ ಪಂಚೆ ಉಡಿಸಲು ಮೂವರು ಬೇಕಾಗಿದ್ದರು, ಬೋ ಟೈ ಕಟ್ಟಲು ಹಡಗಿನಲ್ಲಿ ಯಾರನ್ನು ಹುಡುಕುತ್ತೀಯ?

ಊಟದ್ದು ಸ್ವಲ್ಪ ವಿವರವಾಗಿಯೇ ಹೇಳಬೇಕು. ಹಳೇ ಪದ್ಧತಿಯ ಹಡಗಿನಲ್ಲಿ ನಮ್ಮ ಮದುವೆ ಮನೆ ಹಾಗೇ, ಮೊದಲನೇ ಪಂಕ್ತಿ, ಎರಡನೇ ಪಂಕ್ತಿ. ದಿನಾ ಅದೇ ಹೊತ್ತು, ಅದೇ ಮೇಜು, ಎದುರಿಗೆ ಅದೇ ಮುಖ. ನಿನಗೆ ಸಂಜೆ ಆರರ ಪಂಕ್ತಿ ಸರಿ, ಅಳಿಯಂದಿರಿಗೆ ಆಗ ಇನ್ನೂ ಟೀ ಹೊತ್ತು. ಹೊತ್ತು ಗೊತ್ತಿಲ್ಲದೆ ಯಾವಾಗ ಬೇಕಾದರೂ ಹೋಗಿ ಉಣ್ಣುವ ಪದ್ಧತಿಯನ್ನು ದೊಡ್ಡದಾಗಿ ಹೇಳಿಕೊಂಡವರು ನಾರ್ವೀಜಿಯನ್ ಕಂಪನಿಯವರು, ಈಗ ಬೇರೆಯವರಲ್ಲೂ ಇದೆ. ಟಿಕೆಟ್ ಮಾಡುವಾಗಲೇ ಅದನ್ನು ಕೇಳಿ ಹಾಕಿಸು. ಸಸ್ಯಾಹಾರ ಅಂತಲೂ ಆಗಲೇ ಬರೆಸು, ಹಡಗು ಹತ್ತಿದ ದಿನ ಊಟದ ಹಾಲಿನ ಮುಖ್ಯಸ್ಥನಿಗೆ ಇನ್ನೊಮ್ಮೆ ಹೇಳು. ಮೊದಲೇ ಹೇಳಿದರೆ ಮಾರನೇ ದಿನಕ್ಕೆ ಬೇಳೆ, ಪಲ್ಯ ಮಾಡಿಕೊಡುವ ಹಡಗುಗಳಿವೆ. ಹೇಳದಿದ್ದರೆ ಸೊಪ್ಪು, ಬ್ರೆಡ್ಡು. ನಮಗೆ ಅದೇ ಆಗಿದ್ದು.

ದುಡ್ಡಿನ ಒಂದು ಮಾತು. ಟಿಕೆಟ್ ದರ ನೋಡಿ ಲೆಕ್ಕ ಹಾಕಬೇಡಿ. ದೊಡ್ಡ ಕಂಪನಿಗಳಲ್ಲಿ ಕೆಲಸದವರ ಟಿಪ್ಸ್ ಅಂತಲೇ ತಲೆಗೆ ದಿನಕ್ಕೆ 15-20 ಡಾಲರ್ ತಾನಾಗೇ ಬಿಲ್ಲಿಗೆ ಸೇರುತ್ತದೆ. ಕೆಲವು ಕಡೆ ಒಂದೇ ರೂಮಿನ ಇಬ್ಬರಲ್ಲಿ ಒಬ್ಬರು ಮದ್ಯದ ಪ್ಯಾಕೇಜ್ ತಗೊಂಡರೆ ಇನ್ನೊಬ್ಬರೂ ತಗೊಳ್ಳಲೇಬೇಕು. ಅಳಿಯಂದಿರ ಎರಡು ಬಿಯರಿಗಾಗಿ ನಿನ್ನ ನಿಂಬೆ ಶರಬತ್ತಿಗೂ ಅದೇ ದರ ಕಟ್ಟುವ ಹಾಗಾಗಬಾರದು. ಬಿಡಿಯಾಗಿ ಕೊಳ್ಳುವುದೇ ಲೇಸು.

ಕಂಪನಿ ಆರಿಸುವುದು ಅಂದರೆ ದಾರಿ ಆರಿಸಿದ ಹಾಗೂ ಹೌದು. ಅಲಾಸ್ಕಾ ಅಂತ ಒಂದು ಕಡೆ ಬರೆದಿದ್ದೀಯ. ಅಲ್ಲಿ ಗ್ಲೇಸಿಯರ್ ಬೇ ಎಂಬ ಹಿಮನದಿಗಳ ಕೊಲ್ಲಿಗೆ ದಿನಕ್ಕೆ ಎರಡೇ ದೊಡ್ಡ ಕ್ರೂಸ್ ಹಡಗುಗಳನ್ನು ಬಿಡುತ್ತಾರೆ. ಅದನ್ನು ನೋಡಲೇಬೇಕು ಅನ್ನಿಸಿದರೆ ಪ್ರಿನ್ಸೆಸ್ ಅಥವಾ ಹಾಲೆಂಡ್ ಅಮೆರಿಕಾ ಕಂಪನಿಯ ಹಡಗುಗಳ ದಾರಿ ನೋಡು. ಸಿಯಾಟಲ್‌ನಿಂದ ಹೊರಡುವ ಹಡಗುಗಳೂ ನಡುವೆ ಕೆನಡಾದ ಬಂದರು ಮುಟ್ಟುತ್ತವೆ. ಬೇರೆ ದೇಶದ ಬಾವುಟದ ಹಡಗು ಅಮೆರಿಕದ ಬಂದರಿನಲ್ಲೇ ಹತ್ತಿಸಿ ಅಲ್ಲೇ ಇಳಿಸಬೇಕಾದರೆ ನಡುವೆ ಪರದೇಶ ಮುಟ್ಟಬೇಕು ಅಂತ 1886ರ ಕಾನೂನು. ಹಾಗಾಗಿ ವೀಸಾ ವಿಚಾರಿಸುವಾಗ ಎರಡೂ ದೇಶದ್ದು ಕೇಳು. ಅಲ್ಲಿನ ಕೆಚಿಕಾನ್ ಎಂಬ ಊರಿಗೆ ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆಯಂತೆ, ಅದನ್ನೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ನಮ್ಮ ಆಗುಂಬೆಗೆ 7,000 ದಾಟುತ್ತದೆ. ದುಡ್ಡು ಕೊಟ್ಟು ಅರ್ಧ ಮಳೆ ನೋಡಲು ಹೋಗುತ್ತೀರಾ ಅಂತ ನಿನ್ನಮ್ಮ ಕೇಳುತ್ತಿದ್ದಾಳೆ.

ನನ್ನ ಕೇಳಿದರೆ ನಾರ್ವೆ. ಗೈರಾಂಗರ್ ಫಿಯೋರ್ಡನ್ನು ಎಷ್ಟು ಸಲ ಬೋರ್ಡಿನ ಮೇಲೆ ಬರೆದಿದ್ದೇನೋ. ಹಿಮನದಿ ಕೊರೆದ ಕಣಿವೆ, ಅದರೊಳಗೆ ನುಗ್ಗಿದ ಸಮುದ್ರ. ಅಲ್ಲಿ ಏಳು ಅಕ್ಕತಂಗಿಯರು ಅಂತ ಜಲಪಾತವಿದೆ. ಅದರ ಒಂದೇ ನೆಗೆತ 250 ಮೀಟರ್, ಹೆಚ್ಚುಕಡಿಮೆ ನಮ್ಮ ಜೋಗದಷ್ಟೇ. ಎದುರು ದಂಡೆಯಲ್ಲಿ ಇನ್ನೊಂದು ಜಲಪಾತ, ಅದರ ಹೆಸರು ಹೆಣ್ಣು ಕೇಳಲು ಬಂದ ಗಂಡು! ನಡುವೆ ಫಿಯೋರ್ಡ್ ಇರುವುದರಿಂದ ಮದುವೆ ನಡೆಯಲಿಲ್ಲ. ನಮ್ಮ ರಾಜ ರಾಣಿಯರ ನಡುವೆಯೂ ರೋರರ್, ರಾಕೆಟ್ ಇದ್ದಾರಲ್ಲ, ಸಂಸಾರ ನಡೆದಿಲ್ವಾ?

ಅದೇ ನಾರ್ವೆಯಲ್ಲಿ ಹುರ್ಟಿಗ್ರೂಟನ್ ಅಂತ ಹಡಗಿನ ಸೇವೆ ಇದೆ. 1893ರಿಂದ ಕರಾವಳಿಯುದ್ದಕ್ಕೂ ಓಡುತ್ತಿದೆ. ಬೆರ್ಗನ್‌ನಿಂದ ಕಿರ್ಕೆನೆಸ್‌ಗೆ 34 ಬಂದರು. ಊರೂರಲ್ಲಿ ನಿಲ್ಲುತ್ತದೆ, ಸಾಮಾನು ಇಳಿಸುತ್ತದೆ, ಊರವರು ಹತ್ತುತ್ತಾರೆ. ಕೆಲವು ಕಡೆ ಅರ್ಧ ಗಂಟೆಯೂ ನಿಲ್ಲುವುದಿಲ್ಲ. ಶೋ ಇಲ್ಲ, ಜಾರುಬಂಡಿ ಇಲ್ಲ. ನಮ್ಮ ಲಾಂಚೇ ಪುಟ್ಟಿ, ಸ್ವಲ್ಪ ದೊಡ್ಡದು ಅಷ್ಟೇ. ಇದು ನನ್ನ ಆಸೆ, ನಿಮ್ಮದಲ್ಲ ಅಂತ ನನಗೂ ಗೊತ್ತು. ಸುಮ್ನೆ ಹೇಳಿದೆ. ನೀವು ಸೆಲೆಬ್ರಿಟಿಯವರು ನಾರ್ವೆಗೆ ಬಿಡುವ ಹಡಗು ನೋಡಿ. ಅಳಿಯಂದಿರಿಗೆ ಅಲ್ಲಿ ಮೀನೂ ಧಾರಾಳ.

ಇನ್ನು ಕ್ಯಾಬಿನ್. ಆಗುಂಬೆ ಘಾಟಿಯ 14 ತಿರುವಿನಲ್ಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಏನಾಗಿತ್ತು ಅಂತ ನಿನಗೆ ನೆನಪಿದೆ, ನನ್ನ ಅಂಗಿಗೂ ನೆನಪಿದೆ. ಹಡಗೂ ಹಾಗೇ, ಮುಂದೆ ಹಿಂದೆ ಕುಲುಕು ಜಾಸ್ತಿ. ನಡುವೆ, ಕೆಳಗಿನ ಅಂತಸ್ತಿನಲ್ಲಿ ತಗೋ. ಮೇಲೆ ಕೆಳಗೆ ಎರಡೂ ಕಡೆ ರೂಮುಗಳೇ ಇರಬೇಕು, ಡಾನ್ಸ್ ಹಾಲು, ಈಜುಕೊಳ, ಅಡುಗೆಮನೆ ಇರಬಾರದು. ಹಡಗಿನ ನಕ್ಷೆ ತೆಗೆದು ಬೆರಳಿಟ್ಟು ನೋಡು. ಗ್ಯಾರಂಟಿ ಅಂತ ಯಾರಾದರೂ ಅಂದರೆ ಎದ್ದು ಬಾ. ಬಾಲ್ಕನಿ ಇದ್ದರೆ ಒಳ್ಳೆಯದು, ಅವರು ಮಲಗಿದ್ದರೂ ನೀನು ಐದಕ್ಕೆ ಬಾಗಿಲೆಳೆದುಕೊಂಡು ಹೊರಗೆ ಕೂರಬಹುದು.

ಇಷ್ಟು ಬರೆಯುವಷ್ಟರಲ್ಲಿ ನಿನ್ನಮ್ಮ ಒಳಗಿನಿಂದ ಬಂದು ಪೂರ್ತಿ ಓದಿಸಿಕೊಂಡಳು. ಕನ್ನಡಕದ ವಿಷಯ ಸುಳ್ಳಂತೆ, ಅದು ಬಿದ್ದಿದ್ದು ನನ್ನ ಕೈ ತಾಗಿ ಅನ್ನುತ್ತಾಳೆ. ಅಪ್ಪೆಮಿಡಿ ಉಪ್ಪಿನಕಾಯಿ ಎರಡು ಬಾಟಲಿ ತುಂಬಿಟ್ಟಿದ್ದಾಳೆ, ನಾಳೆ ಬಸ್ಸಿಗೆ ಹಾಕುತ್ತೇನೆ. ಮನೆಯಲ್ಲಿ ಮಾಡಿದ್ದನ್ನು ಹಡಗಿನೊಳಗೆ ಸಾಮಾನ್ಯವಾಗಿ ಬಿಡುವುದಿಲ್ಲ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. "ಬಟ್ಟೆ ನಡುವೆ ಇಟ್ಟರೆ ಯಾರು ನೋಡ್ತಾರೆ" ಅಂತಾಳೆ. ನೀನು ಮಾತ್ರ ಹಾಗೆ ಮಾಡಬೇಡ. ಬೆಂಗಳೂರಲ್ಲೇ ತಿಂದು ಮುಗಿಸಿ ಹೊರಡಿ.

ಟಿಕೆಟ್ ಆದ ದಿನ ರಾತ್ರಿ ಫೋನ್ ಮಾಡು. ಮಳೆ ಇದ್ದರೂ ಜಗುಲಿಯ ಮೂಲೆಯಲ್ಲೇ ಕೂತಿರುತ್ತೇನೆ.

ನಿನ್ನ ಅಪ್ಪಯ್ಯ