ಈರುಳ್ಳಿಗೆ ವಿಕಿರಣ: ಬೀಜದ ಗೊಂಚಲು ಬೇರೆ ಇರಲಿ

ಮಾನ್ಯ ಸಂಪಾದಕರೇ,

ಏಪ್ರಿಲ್‌ನಲ್ಲಿ ಕಿತ್ತು, ಹೆಣೆದು, ಜಂತಿಗೆ ತೂಗುಹಾಕಿದ ನಮ್ಮ ಸಿಹಿ ಈರುಳ್ಳಿ ಆಷಾಢದ ಜಡಿಮಳೆಗೆ ಮೊಳೆಯತೊಡಗುತ್ತದೆ. ಹೆಬ್ಬೆರಳುದ್ದ ಹಸಿರು ಮೊಳಕೆ ಹೊರಬಿದ್ದ ಗೊಂಚಲಿಗೆ ಹೆದ್ದಾರಿಯಲ್ಲಿ ಯಾರೂ ಕಾರು ನಿಲ್ಲಿಸುವುದಿಲ್ಲ. ಕಳೆದ ಮಳೆಗಾಲದಲ್ಲಿ ಇಂಥ 18 ಗೊಂಚಲು ಉಳಿದವು. ತಿಂದಷ್ಟು ತಿಂದು ಮಿಕ್ಕಿದ್ದನ್ನು ತೆಂಗಿನ ಬುಡಕ್ಕೆ ಹಾಕಿದೆವು.

ಹಾಗಾಗಿ ಊರ ಬೆಳೆಗಾರರ ನಡುವೆ ಮೊಳಕೆ ತಡೆಯುವ ವಿಕಿರಣ ಸಂಸ್ಕರಣೆಯ ಮಾತು ಬಂದಾಗ ಕಿವಿಗೊಟ್ಟು ಕೇಳಿದೆ. ಹಿರಿಯರೊಬ್ಬರು, “ಕೈಗಾ ಅಣುಸ್ಥಾವರ ಇರುವುದು ಸಾಲದೇ, ಉಣ್ಣುವ ಬಾಳೆಲೆಗೂ ವಿಕಿರಣ ಬೇಕೇ?” ಎಂದರು. ಅವರ ಭಯ ನನಗೆ ಅರ್ಥವಾಗುತ್ತದೆ, ಆದರೆ ಒಪ್ಪಲಾರೆ. ಕೋಬಾಲ್ಟ್‌-60 ಎಂಬ ವಿಕಿರಣಶೀಲ ಲೋಹದ ಗಾಮಾ ಕಿರಣ ಗಡ್ಡೆಯನ್ನು ಹಾದುಹೋಗುತ್ತದೆ, ಅಷ್ಟೇ. ಗಡ್ಡೆ ತಾನೇ ವಿಕಿರಣ ಸೂಸುವುದಿಲ್ಲ. ಮೊಳಕೆ ತಡೆಯಲು 60 ಗ್ರೇ (ಗಡ್ಡೆ ಹೀರುವ ಕಿರಣದ ಅಳತೆ) ಸುತ್ತಮುತ್ತ ಸಾಕು. 10,000 ಗ್ರೇವರೆಗೆ ಕಿರಣ ಹಾಯಿಸಿದ ಆಹಾರ ಸುರಕ್ಷಿತವೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಸೇರಿದ್ದ ತಜ್ಞರ ಸಮಿತಿ 1980ರಲ್ಲೇ ಹೇಳಿದೆ. ನಮ್ಮ ದೇಶದಲ್ಲಿ ಈರುಳ್ಳಿಗೆ 1994ರಿಂದ ಅನುಮತಿಯಿದೆ, ನಾಸಿಕ್ ಬಳಿಯ ಲಾಸಲ್‌ಗಾಂವ್‌ನಲ್ಲಿ ಕಿರಣ ಹಾಯಿಸುವ ಘಟಕವೂ ಇದೆ.

ನನ್ನ ಆತಂಕ ಬೇರೆ. ಇಷ್ಟು ಅಲ್ಪ ಕಿರಣ ಮೊಳಕೆಯನ್ನು ತಡೆಯುತ್ತದೆ, ಕೊಳೆಸುವ ಬೂಷ್ಟನ್ನಲ್ಲ. ಕುತ್ತಿಗೆ ಒಣಗದ ಈರುಳ್ಳಿ ಹೇಗಿದ್ದರೂ ಕೊಳೆಯುತ್ತದೆ. ಕಿತ್ತ ಕೆಲವೇ ವಾರಗಳಲ್ಲಿ ಕೊಡಿಸದೆ ತಡವಾಗಿ ಕಿರಣ ಕೊಡಿಸಿದರೆ ಒಳಗೆ ಬೆಳೆದ ಮೊಳಕೆ ಸತ್ತು ಕಪ್ಪಾಗುತ್ತದೆ. ಹೊರಗಿನಿಂದ ಗೊತ್ತಾಗದು, ಹೆಚ್ಚಿದಾಗ ನಟ್ಟನಡುವೆ ಕಂದು ಕಲೆ ಕಾಣುತ್ತದೆ.

ಅದಕ್ಕಿಂತ ದೊಡ್ಡದು ಬೀಜದ ಪ್ರಶ್ನೆ. ನಮ್ಮ ಮನೆಯಲ್ಲಿ ಅಂಗಡಿಯ ಬೀಜ ಬಿತ್ತುವುದಿಲ್ಲ. ಒಳ್ಳೆಯ ಗಡ್ಡೆ ಆರಿಸಿ ಒಲೆಯ ಹೊಗೆ ತಾಗುವಲ್ಲಿ ಇಟ್ಟು, ಮಳೆ ನಿಂತ ಮೇಲೆ ನೆಟ್ಟು, ಹೂ ಬಿಡಿಸಿ ಬೀಜ ಮಾಡಿಕೊಳ್ಳುತ್ತೇವೆ. ಆ ಗೊಂಚಲಿಗೆ ನಮ್ಮತ್ತೆ ಕೆಂಪು ಬಟ್ಟೆಯ ಚೂರು ಕಟ್ಟುತ್ತಿದ್ದರು, ಈಗ ನಾನು ಕಟ್ಟುತ್ತೇನೆ. ಲಾರಿಗೆ ತುಂಬುವ ಗಡಿಬಿಡಿಯಲ್ಲಿ ಅದೂ ಘಟಕಕ್ಕೆ ಹೋಗಿ ಬಂದರೆ ಮತ್ತೆ ಚಿಗುರುವುದಿಲ್ಲ. ನಾಲ್ಕಾರು ಮನೆಗಳಲ್ಲಿ ಹೀಗಾದರೆ ತಳಿಯೇ ಕೈತಪ್ಪುತ್ತದೆ.

ವಿಕಿರಣಕ್ಕೊಡ್ಡಿದ ಆಹಾರದ ಪೊಟ್ಟಣದ ಮೇಲೆ ಗುರುತು ಇರಬೇಕೆಂಬ ನಿಯಮವಿದೆ. ರಸ್ತೆ ಬದಿಯ ಗೊಂಚಲಿಗೆ ಪೊಟ್ಟಣವೆಲ್ಲಿ? ಪ್ರತಿಯೊಂದಕ್ಕೂ ಕನ್ನಡದಲ್ಲಿ ಬರೆದ ಚೀಟಿ ಕಟ್ಟಿಯೇ ಮಾರಬೇಕು. ಕೊಳ್ಳುವವರಿಗೆ ತಿಳಿಯದಂತೆ ಮಾರುವುದು ನನಗೆ ಒಪ್ಪಿಗೆಯಿಲ್ಲ.

ತೋಟಗಾರಿಕೆ ಇಲಾಖೆಯವರು ಮುಂದಿನ ಹಂಗಾಮಿನಲ್ಲಿ ಮೊದಲು ಪರೀಕ್ಷೆ ಮಾಡಲಿ. ಹತ್ತು ಗೊಂಚಲು ನಾನೇ ಕೊಡುತ್ತೇನೆ. ಕಿರಣ ಹಾಯಿಸಿದ ಐದು, ಹಾಯಿಸದ ಐದು ನಮ್ಮ ಜಂತಿಯಲ್ಲೇ ಅಕ್ಕಪಕ್ಕ ತೂಗಲಿ. ಚೌತಿಯ ಹೊತ್ತಿಗೆ ಊರವರೆದುರು ಹೆಚ್ಚಿ ನೋಡೋಣ.

– ಈರುಳ್ಳಿ ಬೆಳೆಗಾರ್ತಿ, ವನ್ನಳ್ಳಿ, ಕುಮಟಾ